ಏರುದಾರಿಯ ಮಾತು

ನೈರೋಬಿ ನಗರವು ಸಮುದ್ರಮಟ್ಟದಿಂದ ಸುಮಾರು 1,700 ಮೀಟರು ಎತ್ತರದಲ್ಲಿದೆಯೆಂಬುದನ್ನು, 1979ರಲ್ಲಿ ಗಣಿತದ ಅಧ್ಯಾಪಕನಾಗಿ ಅಲ್ಲಿಗೆ ಹೋಗುವ ಮುನ್ನವೇ ನಾನು ಓದಿ ತಿಳಿದಿದ್ದೆನಾದರೂ, ಆ ಎತ್ತರವು ಎತ್ತಣಿಂದ ಏರುತ್ತದೆ, ಎತ್ತ ಇಳಿಯುತ್ತದೆ ಎಂಬುದು ನನ್ನ ಕಾಲುಗಳಿಗೆ ತಿಳಿದುದು ಎಂಟು ವರ್ಷಗಳ ಅನಂತರ, 1987ರ ಆಗಸ್ಟ್ ತಿಂಗಳ ರಜೆಯಲ್ಲಿ. ಅಲ್ಲಿಯವರೆಗೆ ನಾನು ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಒಂದು ಮನೆಯಲ್ಲಿ, ಕಬ್ಬಿಣದ ಗೇಟಿನ ಒಳಗೆ, ಗೇಟಿನ ಬಳಿ ಕುಳಿತ ಕಾವಲುಗಾರನ ಭರವಸೆಯಲ್ಲಿ ಜೀವಿಸಿದ್ದೆ. ಮನೆಯಿಂದ ಶಾಲೆಗೆ ಕಾರು, ಶಾಲೆಯಿಂದ ಮನೆಗೆ ಕಾರು. ಯುಗಾದಿಗೋ ಗೌರಿಹಬ್ಬಕ್ಕೋ ಕನ್ನಡದ ಕೆಲವು ಮನೆಗಳವರು ಒಂದೆಡೆ ಕಲೆತು, ಹೋಳಿಗೆ ಉಂಡು, ಊರ ಕಡೆಯ ಮಳೆಬೆಳೆಗಳ ಮಾತನಾಡಿ, ಕತ್ತಲಾಗುವುದರೊಳಗೆ ಮತ್ತೆ ಕಾರು ಹತ್ತುವುದು. ಇದರಲ್ಲಿ ಕಷ್ಟವೇನೂ ಇರಲಿಲ್ಲ. ಆದರೆ ಎಂಟು ವರ್ಷ ಅನ್ನವಿಟ್ಟ ನೆಲದ ಮಣ್ಣು ನನ್ನ ಪಾದಕ್ಕೆ ಹತ್ತಿರಲಿಲ್ಲವೆಂಬುದು ಈಗ ನೆನೆದರೂ ನಾಚಿಕೆ ತರುತ್ತದೆ.

ನನ್ನನ್ನು ಆ ಗೇಟಿನಿಂದ ಹೊರಕ್ಕೆ ಕರೆತಂದವರು ನಮ್ಮ ಶಾಲೆಯ ಭೂಗೋಳದ ಅಧ್ಯಾಪಕರು. ಕಿಕುಯು ಜನಾಂಗದವರು, ಲಿಮುರು ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಕೀನ್ಯಾ ದೇಶದಲ್ಲಿ ಉಪಾಧ್ಯಾಯರನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ‘ಮ್ವಾಲಿಮು’ ಎಂದು ಕರೆಯುವುದೇ ಹೆಚ್ಚು, ನಮ್ಮ ಹಳ್ಳಿಗಳಲ್ಲಿ ‘ಮೇಷ್ಟ್ರೇ’ ಎನ್ನುವಂತೆ; ಅವರಿಗೆ ನಾನು ಮ್ವಾಲಿಮು, ನನಗೆ ಅವರು ಮ್ವಾಲಿಮು. ಒಂದು ಮಧ್ಯಾಹ್ನ, ಪಾಠಗಳ ನಡುವಣ ಬಿಡುವಿನಲ್ಲಿ, ನಾನು ಅವರಿಗೆ ನನ್ನ ಬಾಲ್ಯದ ಒಂದು ಪ್ರಸಂಗವನ್ನು ಹೇಳುತ್ತಿದ್ದೆ: ಸಖರಾಯಪಟ್ಟಣದ ಅಂಗಡಿಯಲ್ಲಿ ಗಂಟೆಗೆ ಹತ್ತು ಪೈಸೆಯಂತೆ ಬಾಡಿಗೆಯ ಸೈಕಲ್ಲು ಹಿಡಿದು, ಸೀಟಿಗೆ ಕಾಲು ಎಟುಕದೆ, ಅಡ್ಡಕಂಬಿಯ ಕೆಳಗಿನಿಂದ ಒಳಪೆಡಲು ತುಳಿಯುತ್ತ, ಅಣ್ಣನ ಹಿಂದೆ ಅಯ್ಯನಕೆರೆಯವರೆಗೆ ಹೋಗಿ, ಶಕುನಗಿರಿಯ ನೆರಳು ನೀರಿನಲ್ಲಿ ಬಿದ್ದುದನ್ನು ನೋಡುತ್ತ ಹೊತ್ತು ಮರೆತು, ಬಾಡಿಗೆ ಏರಿದುದಕ್ಕಾಗಿ ಮನೆಯಲ್ಲಿ ಪೆಟ್ಟು ತಿಂದ ಕಥೆ. ಅವರು ಎಲ್ಲವನ್ನೂ ಕೇಳಿ, ಚಹಾದ ಲೋಟವನ್ನು ಕೆಳಗಿಟ್ಟು, “ನಿಮ್ಮ ಕೆರೆಗೆ ಸೈಕಲ್ಲಿನಲ್ಲಿ ಹೋದವರು ನಮ್ಮ ಸರೋವರಕ್ಕೆ ಕಾರಿನಲ್ಲಿ ಏಕೆ ಹೋಗುತ್ತೀರಿ, ಮ್ವಾಲಿಮು?” ಎಂದರು. ಉತ್ತರ ಹೊಳೆಯಲಿಲ್ಲ. ಆ ಶನಿವಾರವೇ ನಾವಿಬ್ಬರೂ ರಿವರ್ ರೋಡಿಗೆ ಹೋಗಿ ನನಗೊಂದು ಸೈಕಲ್ಲು ಕೊಂಡೆವು. ಅದು ಲುಧಿಯಾನದಲ್ಲಿ ಹುಟ್ಟಿ ಸಮುದ್ರ ದಾಟಿ ಬಂದ ಕರಿಯ ಬಣ್ಣದ, ಗೇರಿಲ್ಲದ, ಕಂಬಿಯ ಬ್ರೇಕಿನ, ಅಗಲವಾದ ಕಬ್ಬಿಣದ ಕ್ಯಾರಿಯರಿನ ಭಾರವಾದ ಸೈಕಲ್ಲು, ಹಳ್ಳಿಯಲ್ಲಿ ಹಾಲಿನ ಕ್ಯಾನು ಹೊರುವ ಜಾತಿಯದು. ಪೂರ್ವ ಆಫ್ರಿಕದಲ್ಲಿ ಇದಕ್ಕೆ ಅಲ್ಲಿನ ಘೋರವಾದ ವಿಷಸರ್ಪದ ಹೆಸರು, ‘ಬ್ಲ್ಯಾಕ್ ಮಾಂಬ’. ನನಗೆ ಮಾತ್ರ ಅದರ ಹ್ಯಾಂಡಲು ಹಿಡಿದೊಡನೆ ಸಖರಾಯಪಟ್ಟಣದ ಬಾಡಿಗೆಯ ಅಂಗಡಿಯ ಎಣ್ಣೆಯ ವಾಸನೆ ಬಂದಿತು.

ನೈವಾಶ ಸರೋವರಕ್ಕೆ ನೈರೋಬಿಯಿಂದ ಸುಮಾರು 90 ಕಿಲೋಮೀಟರು. ಭೂಗೋಳದ ಮ್ವಾಲಿಮು ಹೊರಡುವ ಹಿಂದಿನ ದಿನ ಕಾಗದದ ಮೇಲೆ ದಾರಿಯನ್ನು ಬರೆದು ತೋರಿಸುತ್ತ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ನೈರೋಬಿಯೆಂಬುದು ಮಸಾಯಿ ಭಾಷೆಯ ಮಾತು, ತಣ್ಣೀರಿನ ಜಾಗ ಎಂದು ಅರ್ಥ; ಬೆಟ್ಟದ ಕೆಳಗಿನ ಮಾಯ್ ಮಹಿಯು ಎಂಬುದು ಕಿಕುಯು ಮಾತು, ಬಿಸಿನೀರು ಎಂದು ಅರ್ಥ; ನೈವಾಶವೋ ಮಸಾಯಿಗಳ ‘ನೈಪೋಶ’, ಅಲೆಯೇಳುವ ನೀರು. ತಣ್ಣೀರಿನಿಂದ ಬಿಸಿನೀರಿಗೆ, ಬಿಸಿನೀರಿನಿಂದ ಅಲೆನೀರಿಗೆ ನಾವು ಹೋಗಬೇಕಾಗಿತ್ತು.

ಆಗಸ್ಟ್ ತಿಂಗಳಿನಲ್ಲಿ ನೈರೋಬಿಯ ಬೆಳಗು ನಮ್ಮ ಮಲೆನಾಡಿನ ಆಷಾಢದ ಬೆಳಗನ್ನು ಹೋಲುತ್ತದೆ: ಮಳೆ ಎನ್ನಲಾಗದ, ಮಂಜು ಎನ್ನಲೂ ಆಗದ ಒಂದು ಆರ್ದ್ರತೆ ಮುಖಕ್ಕೆ ಮುತ್ತುತ್ತಿರುತ್ತದೆ. ಆರು ಗಂಟೆಗೆ ಹೊರಟು ಲಿಮುರು ರಸ್ತೆಯನ್ನು ಹಿಡಿದೆವು. ಮುಥೈಗ ದಾಟಿ ರುವಾಕ ಎಂಬಲ್ಲಿಗೆ ಬರುವಷ್ಟರಲ್ಲಿ ನಗರವು ಹಿಂದುಳಿಯಿತು. ಎರಡೂ ಬದಿಗೆ ಕೆಂಪು ಮಣ್ಣು, ಕೆಂಪು ಮಣ್ಣಿನಲ್ಲಿ ಕಾಫಿ. ಚಿಕ್ಕಮಗಳೂರು ಸೀಮೆಯವನಾದ ನನಗೆ ಆ ಕಾಫಿ ಒಂದು ವಿಸ್ಮಯವಾಗಿತ್ತು. ನಮ್ಮಲ್ಲಿ ಕಾಫಿಯೆಂದರೆ ಅತ್ತಿ, ಹಲಸು, ಸಿಲ್ವರ್ ಮರಗಳ ನೆರಳಿನಲ್ಲಿ ಬಾಳುವ ಗಿಡ. ಇಲ್ಲಿ ಅದು ತೆರೆದ ಬಯಲಿನಲ್ಲಿ ಆಕಾಶಕ್ಕೆ ತಲೆಯೊಡ್ಡಿ ನಿಂತಿತ್ತು. ನಮ್ಮ ಮೈಸೂರು ಸೀಮೆಯ ಒಂದು ತೋಟದಲ್ಲಿ ಆಯ್ದು ಬೆಳೆಸಿದ ಕೆಂಟ್ ತಳಿಯ ಕಾಫಿಯು, ಎಲೆಗಳ ತುಕ್ಕುರೋಗಕ್ಕೆ ಸುಲಭವಾಗಿ ಬಗ್ಗದೆಂಬ ಗುಣದಿಂದ, ಪೂರ್ವ ಆಫ್ರಿಕಕ್ಕೂ ಬಂದಿತ್ತೆಂಬುದನ್ನು ನಾನು ಓದಿದುದು ಬಹಳ ಕಾಲದ ಮೇಲೆ. ಅಂದು ತಿಳಿದಿದ್ದರೆ ಸೈಕಲ್ಲು ನಿಲ್ಲಿಸಿ ಆ ಗಿಡಗಳ ಎಲೆಯನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದೆ.

ಬನಾನ ಹಿಲ್ ಬಳಿ ಏರು ನಿಜವಾಗಿ ಆರಂಭವಾಯಿತು. ಮ್ವಾಲಿಮು ತಮ್ಮ ಹಳೆಯ ಸೈಕಲ್ಲಿನ ಮೇಲೆ ಸೀಟಿನಿಂದೆದ್ದು ನಿಂತು, ಅವಸರವಿಲ್ಲದೆ ತುಳಿಯುತ್ತಿದ್ದರು. ನಾನು ಇಳಿದು ತಳ್ಳತೊಡಗಿದೆ. ಆಗ ಎದುರಿನಿಂದ ಒಬ್ಬ ಹೆಂಗಸು ಬಂದರು. ಕಿಕುಯು ಹೆಂಗಸರ ಪದ್ಧತಿಯಂತೆ ಸೌದೆಯ ದೊಡ್ಡ ಹೊರೆಯನ್ನು ಬೆನ್ನಿಗಿಟ್ಟು, ಅದರ ಪಟ್ಟಿಯನ್ನು ಹಣೆಗೆ ಆನಿಸಿ, ನೆಲವನ್ನೇ ನೋಡುತ್ತ ಬರುತ್ತಿದ್ದ ಆಕೆ, ನನ್ನ ಸಮೀಪಕ್ಕೆ ಬಂದಾಗ ಪ್ರಯಾಸದಿಂದ ಮುಖವೆತ್ತಿ, “ಪೋಲೆ” ಎಂದು ಮುಂದಕ್ಕೆ ನಡೆದರು.

ಸ್ವಾಹಿಲಿ ಭಾಷೆ ನನಗೆ ಅಂಗಡಿಯ ಮಟ್ಟಿಗೆ ಬರುತ್ತಿತ್ತು. ‘ಪೋಲೆ’ ಎಂದರೆ ‘ಕ್ಷಮಿಸಿ’ ಎಂದೇ ನಾನು ತಿಳಿದಿದ್ದೆ. ಆಕೆ ನನಗೆ ಯಾವ ಅಪಚಾರವನ್ನೂ ಮಾಡಿರಲಿಲ್ಲ. ದಾರಿ ಬಿಡಬೇಕಾದವನು, ತಲೆ ಬಾಗಬೇಕಾದವನು ನಾನೇ ಆಗಿದ್ದೆ. ಮೇಲಿನ ತಿರುವಿನಲ್ಲಿ ಕಾದಿದ್ದ ಮ್ವಾಲಿಮುವನ್ನು ಕೇಳಿದಾಗ ಅವರು ವಿವರಿಸಿದರು: ಅದು ಕ್ಷಮೆಯಲ್ಲ. ಒಬ್ಬನು ಕಷ್ಟಪಡುತ್ತಿರುವುದನ್ನು ಕಂಡವನು ‘ನಾನು ಅದನ್ನು ಕಂಡೆ’ ಎಂದು ತಿಳಿಸುವ ಮಾತು. ಎಡವಿದವನಿಗೆ ಪೋಲೆ, ಜ್ವರ ಬಂದವನಿಗೆ ಪೋಲೆ, ಬೆಟ್ಟ ಏರುವವನಿಗೆ ಪೋಲೆ. ಅದಕ್ಕೆ ‘ಅಸಾಂತೆ’ ಎನ್ನಬೇಕು, ಉಪಕಾರವಾಯಿತು ಎಂದು. “ನೀವು ಆಕೆಗೆ ಹೇಳಲಿಲ್ಲವೇ?” ಎಂದು ಅವರು ಕೇಳಿದರು. ನಾನು ಹೇಳಿರಲಿಲ್ಲ. ತಿರುಗಿ ನೋಡಿದೆ, ಸೌದೆಯ ಹೊರೆ ಮಂಜಿನಲ್ಲಿ ಮರೆಯಾಗಿತ್ತು.

ಇದಕ್ಕೆ ಸಮನಾದ ಒಂದೇ ಮಾತು ನಮ್ಮಲ್ಲಿದೆಯೇ ಎಂದು ನಾನು ಆ ಏರಿನ ಉದ್ದಕ್ಕೂ ಯೋಚಿಸಿದೆ. ‘ದಣಿವಾಯಿತೇ?’ ಎನ್ನುತ್ತೇವೆ, ಬಿಸಿಲಿನಲ್ಲಿ ಬಂದವರಿಗೆ ಬೆಲ್ಲದ ಚೂರು, ತಂಬಿಗೆಯ ನೀರು ಕೊಡುತ್ತೇವೆ, ಹೊರೆ ಹೊತ್ತವರು ಎದುರಾದರೆ ಕೈಕೊಟ್ಟು ಇಳಿಸುತ್ತೇವೆ. ಭಾವಕ್ಕೆ ಕೊರತೆಯಿಲ್ಲ. ಆದರೆ ದಾರಿಹೋಕನು ನಡಿಗೆಯನ್ನು ನಿಲ್ಲಿಸದೆ, ಪರಿಚಯವನ್ನು ಕೇಳದೆ, ಇನ್ನೊಬ್ಬ ದಾರಿಹೋಕನ ಕೈಯಲ್ಲಿಟ್ಟು ಹೋಗಬಹುದಾದ ಎರಡಕ್ಷರದ ಮಾತು ನಮ್ಮಲ್ಲಿ ನನಗೆ ದೊರೆಯಲಿಲ್ಲ. ಅಂದು ಲಿಮುರು ತಲಪುವವರೆಗೆ ನಾನು ಅದನ್ನು ಹದಿನೇಳು ಬಾರಿ ಕೇಳಿದೆ, ಎಣಿಸಿದ್ದೆ: ಹಾಲಿನ ಕ್ಯಾನು ಸಾಗಿಸುವ ಹುಡುಗರಿಂದ, ಬಸ್ಸಿಗೆ ಕಾದ ಮುದುಕರಿಂದ, ಸೈಕಲ್ಲು ತಳ್ಳುವ ಮುಹಿಂದಿಯನ್ನು, ಎಂದರೆ ಭಾರತೀಯನನ್ನು, ಬೆರಗಾಗಿ ನೋಡುತ್ತ ಬೇಲಿಗೆ ಒರಗಿದ ಮಕ್ಕಳಿಂದ. ಎಂಟು ವರ್ಷ ಅದೇ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಿದವನಿಗೆ ಒಬ್ಬರೂ ಹೇಳಿರಲಿಲ್ಲ. ಹೇಳುವುದಕ್ಕೆ ಕಾರಣವೂ ಇರಲಿಲ್ಲ.

ಟಿಗೋನಿಯ ಬಳಿ ಕಾಫಿ ಮುಗಿದು ಚಹಾ ತೊಡಗಿತು. ಕೀನ್ಯಾ ದೇಶಕ್ಕೆ ಚಹಾ ಗಿಡ ಮೊದಲು ಬಂದುದು 1903ರಲ್ಲಿ, ಇದೇ ಲಿಮುರು ಪ್ರದೇಶಕ್ಕೆ. ಕತ್ತರಿಸಿದಂತೆ ಸಮನಾದ ಆ ಹಸುರಿನ ನಡುವೆ ಕಾಲುದಾರಿಯಲ್ಲಿ ಮ್ವಾಲಿಮು ನನ್ನನ್ನು ತಮ್ಮ ತಾಯಿಯ ಮನೆಗೆ ಕರೆದೊಯ್ದರು. ಅಂಗಳದ ಆಚೆ ಒಂದು ಮುಗುಮೊ ಮರ. ಅದು ನಮ್ಮ ಅತ್ತಿ ಅರಳಿಗಳ ಕುಲದ್ದು, ಕಿಕುಯು ಜನ ಅದನ್ನು ಪವಿತ್ರವೆಂದು ಭಾವಿಸಿ ಕಡಿಯುವುದಿಲ್ಲ. ಎಂಬತ್ತರ ಸಮೀಪದ ಆ ತಾಯಿ ನನ್ನ ಬೆವರನ್ನು ನೋಡಿ ಹದಿನೆಂಟನೆಯ ಪೋಲೆಯನ್ನು ಹೇಳಿದರು. ಈ ಬಾರಿ ನಾನು ಅಸಾಂತೆ ಎನ್ನಲು ಮರೆಯಲಿಲ್ಲ. ಆಮೇಲೆ ಸೋರೆಬುರುಡೆಯ ಪಾತ್ರೆಯಲ್ಲಿ ಬೂದುಗೆಂಪಿನ ಗಂಜಿಯೊಂದನ್ನು ಬಗ್ಗಿಸಿ ಕೈಗಿತ್ತರು. ಒಂದು ಗುಟುಕು ಕುಡಿದವನೇ ನಾನು ಬೆರಗಾಗಿ ಕುಳಿತೆ. ಅದು ರಾಗಿ ಅಂಬಲಿ. ಒಂದು ದಿನ ಹುಳಿಬಂದ, ಸ್ವಲ್ಪ ಹೊಗೆಯ ವಾಸನೆಯ, ನನ್ನ ತಾಯಿ ಪ್ರತಿ ಬೆಳಗ್ಗೆ ಕಾಸುತ್ತಿದ್ದ ಅಂಬಲಿ.

ಸ್ವಾಹಿಲಿಯಲ್ಲಿ ರಾಗಿಗೆ ‘ವಿಂಬಿ’ ಎಂದು ಹೆಸರು, ಅದರ ಗಂಜಿಗೆ ‘ಉಜಿ’. ನಾವು ಕನ್ನಡಿಗರು ನಮ್ಮದೆಂದು ಅಭಿಮಾನದಿಂದ ಹೇಳಿಕೊಳ್ಳುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳೇ. ಸಹಸ್ರಾರು ವರ್ಷಗಳ ಹಿಂದೆ ಅಲ್ಲಿ ಬೇಸಾಯಕ್ಕೆ ಬಂದ ಆ ಧಾನ್ಯವು, ಯಾವ ಹಡಗಿನ ಯಾವ ಚೀಲದಲ್ಲೋ ಸಮುದ್ರವನ್ನು ದಾಟಿ, ನಮ್ಮ ಬಯಲುಸೀಮೆಯ ಹೊಟ್ಟೆಯನ್ನು ತಲೆಮಾರುಗಳ ಕಾಲ ತುಂಬಿತು. ನಾನು ಪರದೇಶವೆಂದು ತಿಳಿದು ಎಂಟು ವರ್ಷ ಗೇಟು ಹಾಕಿಕೊಂಡು ಕುಳಿತಿದ್ದುದು ನನ್ನ ಅನ್ನದ ತವರುಮನೆಯಲ್ಲಿ. “ನಿನ್ನ ತಾಯಿಯೂ ಇದನ್ನು ಕುಡಿಯುತ್ತಾಳೆಯೇ?” ಎಂದು ಆ ತಾಯಿ ಮಗನ ಬಾಯಿಂದ ಕೇಳಿಸಿದರು. ಮಜ್ಜಿಗೆ, ಉಪ್ಪು, ಒಂದು ಹಸಿ ಈರುಳ್ಳಿಯ ಜೊತೆಗೆ ಕುಡಿಯುತ್ತಾಳೆ ಎಂದೆ. ಈರುಳ್ಳಿಯ ವಿಷಯ ಅವರಿಗೆ ಒಪ್ಪಿಗೆಯಾಗಲಿಲ್ಲ. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ ಚಟ್ನಿಪುಡಿಗಳಲ್ಲಿ ಅರ್ಧವನ್ನು ಅಲ್ಲಿ ಬಿಚ್ಚಿದೆವು. ಚಟ್ನಿಪುಡಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದಾಗ, ಪೋಲೆ ಎನ್ನುವ ಸರದಿ ನನ್ನದಾಯಿತು. ಜೀವನದಲ್ಲಿ ಅದನ್ನು ಸರಿಯಾದ ಅರ್ಥದಲ್ಲಿ ನಾನು ಆಡಿದುದು ಅದೇ ಮೊದಲು.

ಲಿಮುರುವಿನಿಂದ ಮುಂದೆ ಸ್ವಲ್ಪ ದೂರ ಹೋದರೆ ಭೂಮಿ ಒಮ್ಮೆಲೇ ಮುಗಿದುಹೋಗುತ್ತದೆ. ಮಂಜು ಹರಿದು, ಕಾಲಡಿಯಲ್ಲಿ ಬಿಸಿಲು ಹೊಡೆದ ಒಂದು ಬೇರೆಯೇ ಲೋಕ: ಹೊಂಬಣ್ಣದ ಬಯಲು, ಅದರ ನಡುವೆ ತಟ್ಟೆಯಂತೆ ಹರಡಿದ ಸುಸ್ವ ಪರ್ವತ, ಬಲಕ್ಕೆ 2,776 ಮೀಟರು ಎತ್ತರದ ಲೊಂಗೊನೊಟ್ ಎಂಬ ಜ್ವಾಲಾಮುಖಿಯು ಬಾಯ್ದೆರೆದು ನಿಂತಿರುವುದು. ಇಲ್ಲಿಗೆ 1893ರಲ್ಲಿ ಬಂದ ಜಾನ್ ವಾಲ್ಟರ್ ಗ್ರೆಗರಿ ಎಂಬ ಭೂವಿಜ್ಞಾನಿಯೇ ಈ ಮಹಾಬಿರುಕಿಗೆ ‘ಗ್ರೇಟ್ ರಿಫ್ಟ್ ವ್ಯಾಲಿ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದವನು. ಹೊಳೆ ಕೊರೆದ ಕಣಿವೆಯಲ್ಲ, ನೆಲವೇ ಎರಡಾಗಿ ಸರಿದು ನಡುಭಾಗ ಕುಸಿದುದರಿಂದ ಆದ ಕಣಿವೆ ಇದು ಎಂಬುದನ್ನು ಅವನು ಗುರುತಿಸಿದ. ನೆಲ ಇಂದೂ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಸರಿಯುತ್ತಲೇ ಇದೆ. ಮ್ವಾಲಿಮು ಇದನ್ನೆಲ್ಲ ತರಗತಿಯಲ್ಲಿ ಹೇಳುವ ಕ್ರಮದಲ್ಲಿಯೇ ಹೇಳಿ, ಅನಂತರ ಸುಮ್ಮನಾಗಿ, ಬಹಳ ಹೊತ್ತು ನೋಡುತ್ತ ನಿಂತರು. ಇಪ್ಪತ್ತೈದು ವರ್ಷ ಪಾಠ ಹೇಳಿದ ವಿಷಯವನ್ನು ಒಬ್ಬನು ಹೀಗೆ ಹೊಸದಾಗಿ ನೋಡಬಲ್ಲನೆಂಬುದನ್ನು ಕಂಡು ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು.

ಇಳಿಯುವ ರಸ್ತೆಯನ್ನು ಕಡಿದವರು ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು. ಇದೇ ಸೈನಿಕರ ದೇಶಬಾಂಧವರು ಆ ಕಾಲದಲ್ಲಿ ನಮ್ಮ ಬೆಂಗಳೂರಿನ ಶಿಬಿರಗಳಲ್ಲಿಯೂ ಇದ್ದರು. ಜಾಲಹಳ್ಳಿಯ ಕಡೆಯ ಹಿರಿಯರು ಅವರನ್ನು ನೆನೆಯುವುದನ್ನು ನಾನು ಕೇಳಿದ್ದೇನೆ. ಐನೂರು ಮೀಟರಿಗೂ ಮಿಕ್ಕ ಆ ಇಳಿತದಲ್ಲಿ, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ, ಹಿಂದೆ ಮುಂದೆ ಮೊಂಬಾಸದಿಂದ ಉಗಾಂಡಕ್ಕೆ ಹೋಗುವ ಲಾರಿಗಳು. ನನ್ನ ಕಂಬಿಯ ಬ್ರೇಕು ಬಿಡದೆ ಒತ್ತಿ ಗಾಲಿಯ ರಿಮ್ಮು ಮುಟ್ಟಲಾರದಷ್ಟು ಕಾದಿತು. ಎರಡು ಬಾರಿ ಇಳಿದು ಅದು ಆರುವವರೆಗೆ ಕಾದೆವು. ಬುಡದ ಸಮೀಪದಲ್ಲಿ, 1942ರಲ್ಲಿ ಆ ಕೈದಿಗಳೇ ಕಟ್ಟಿಕೊಂಡ ಪುಟ್ಟ ಇಗರ್ಜಿಯೊಂದಿದೆ. ಹತ್ತು ಹನ್ನೆರಡು ಜನ ಕೂಡಬಹುದಾದಷ್ಟು ಮಾತ್ರ. ಒಳಗೆ ಹೋಗಿ ಕುಳಿತೆ. ಪರಾಜಿತರಾಗಿ, ಬಂಧಿತರಾಗಿ, ಶತ್ರುವಿಗೆ ರಸ್ತೆ ಕಡಿದುಕೊಡುತ್ತ, ಉಳಿದ ಹೊತ್ತಿನಲ್ಲಿ ಅದೇ ಬೆಟ್ಟದ ಕಲ್ಲಿನಿಂದ ತಮ್ಮ ದೇವರಿಗೊಂದು ಮನೆ ಕಟ್ಟಿದವರ ಮನಸ್ಸು ಎಂಥದಿದ್ದಿರಬಹುದೆಂದು ನೆನೆದು, ಅಲ್ಲಿ ಯಾರೂ ಇಲ್ಲದಿದ್ದರೂ, ನನ್ನ ಬಾಯಿಂದ ಆ ಎರಡಕ್ಷರ ತಾನಾಗಿ ಬಂದಿತು.

ಮಾಯ್ ಮಹಿಯು ಊರಿನಲ್ಲಿ ಚಹಾ, ಮಂದಾಜಿ ಎಂಬ ಕರಿದ ತಿಂಡಿ. ಕೆಳಗೆ ಬಂದೆವು, ಇನ್ನು ಸಮತಲವೆಂದು ನಾನು ತಿಳಿದುದು ಸುಳ್ಳಾಯಿತು. ಲೊಂಗೊನೊಟ್ಟಿನ ಬುಡದವರೆಗೆ ರಸ್ತೆ ಮತ್ತೆ ನಿಧಾನವಾಗಿ ಏರುತ್ತದೆ, ಕಣ್ಣಿಗೆ ಕಾಣದಂತೆ, ತೊಡೆಗೆ ಮಾತ್ರ ತಿಳಿಯುವಂತೆ. ನಡುವೆ ಜಾಲಿಯ ಮುಳ್ಳು ಹೊಕ್ಕು ನನ್ನ ಹಿಂದಿನ ಗಾಲಿ ಪಂಕ್ಚರಾಯಿತು. ಒಂದು ಮರದ ಕೆಳಗೆ ಸೈಕಲ್ ರಿಪೇರಿಯ ಫುಂಡಿ ಕುಳಿತಿದ್ದ. ಕುಶಲ ಕೆಲಸಗಾರನು ಯಾರೇ ಆಗಲಿ, ಬಡಗಿಯಾಗಲಿ ದರ್ಜಿಯಾಗಲಿ, ಅಲ್ಲಿ ಫುಂಡಿ. ಬೇಸಿನ್ನಿನ ನೀರಿನಲ್ಲಿ ಟ್ಯೂಬನ್ನು ಮುಳುಗಿಸಿ ಗುಳ್ಳೆ ನೋಡಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಹಳೆಯ ಟ್ಯೂಬಿನ ತುಂಡನ್ನು ಒತ್ತಿ ಕೂರಿಸುವ ಆ ಕೈಗಳ ಕ್ರಮ ಸಖರಾಯಪಟ್ಟಣದ ಕ್ರಮವೇ ಆಗಿತ್ತು. ಚೈನಿನ ಡಬ್ಬಿಯ ಮೇಲಿನ ಅಕ್ಷರವನ್ನು ಬೆರಳಿನಿಂದ ತೋರಿಸಿ, “ಇದು ನಿಮ್ಮ ಊರಿನದೋ?” ಎಂದ. ನಮ್ಮ ಊರಿಗೂ ಲುಧಿಯಾನಕ್ಕೂ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಆದರೂ ಹೌದೆಂದೆ.

ನೈವಾಶ ಕಂಡುದು ಸಂಜೆಯ ಐದು ಗಂಟೆಗೆ. ಸಮುದ್ರಮಟ್ಟದಿಂದ 1,884 ಮೀಟರು ಎತ್ತರದಲ್ಲಿರುವ ಆ ಸರೋವರ, ನೈರೋಬಿಗಿಂತಲೂ ಮೇಲಿದ್ದೂ, ಸುತ್ತಣ ಬೆಟ್ಟಗಳ ದೆಸೆಯಿಂದ ತಗ್ಗಿನಲ್ಲಿ ಮಲಗಿದಂತೆ ತೋರುತ್ತದೆ. ದಡದ ಪಪೈರಸ್ ಜೊಂಡು, ಹಳದಿ ತೊಗಟೆಯ ಜಾಲಿಮರಗಳು, ಅವುಗಳ ತುದಿಯಿಂದ ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲಿ ಕೂಗುವ ಬಿಳಿತಲೆಯ ಮೀನುಗಿಡುಗಗಳು. 1937ರಿಂದ 1950ರವರೆಗೆ ಇಂಗ್ಲೆಂಡಿನಿಂದ ಬರುವ, ನೀರಿನ ಮೇಲೆ ಇಳಿಯುವ ವಿಮಾನಗಳಿಗೆ ಇದೇ ನಿಲ್ದಾಣವಾಗಿತ್ತಂತೆ. ನನ್ನನ್ನು ಹೆಚ್ಚು ಹಿಡಿದುದು ಬೇರೊಂದು ಸಂಗತಿ. ಮಲೇವಾ, ಗಿಲ್‌ಗಿಲ್ ಎಂಬ ನದಿಗಳು ಒಳಕ್ಕೆ ಬರುತ್ತವೆ. ಹೊರಕ್ಕೆ ಹೋಗುವ ಹೊಳೆಯೊಂದೂ ಇಲ್ಲ. ಹೀಗೆ ಕೋಡಿಯಿಲ್ಲದ ಕೆರೆ ಉಪ್ಪಾಗಬೇಕು, ನೆರೆಯ ಎಲ್ಮೆಂಟೈಟ, ನಕುರು ಸರೋವರಗಳು ಆದಂತೆ. ನೈವಾಶ ಮಾತ್ರ ಸಿಹಿನೀರಾಗಿಯೇ ಉಳಿದಿದೆ. ನೀರು ತಳದ ಜ್ವಾಲಾಮುಖಿಯ ಮಣ್ಣಿನ ಮೂಲಕ, ಯಾರಿಗೂ ಕಾಣದಂತೆ, ನೆಲದೊಳಗೇ ಹರಿದುಹೋಗುತ್ತದೆ. ಅಂಗೈಯಲ್ಲಿ ನೀರನ್ನು ಎತ್ತಿ ತುಟಿಗೆ ಮುಟ್ಟಿಸಿಕೊಂಡು ನೋಡಿದೆ. ಸಿಹಿಯೇ ಹೌದು. ಲೊಂಗೊನೊಟ್ಟಿನ ನೆರಳು ಉದ್ದವಾಗುತ್ತಿತ್ತು. ಶಕುನಗಿರಿಯನ್ನು ನೆನೆಯದಿರಲು ನನಗೆ ಸಾಧ್ಯವಾಗಲಿಲ್ಲ.

ರಾತ್ರಿ ದಡದ ಒಂದು ಕೊಠಡಿಯಲ್ಲಿ ಮಲಗಿದೆವು. ಕಿಟಕಿಯ ಕೆಳಗೆ ನೀರಾನೆಗಳು ಹುಲ್ಲು ಕೀಳುವ ಸದ್ದು, ಯಾರೋ ಒದ್ದೆ ಬಟ್ಟೆಯನ್ನು ಹರಿದಂತೆ, ಬೆಳಗಿನ ಜಾವದವರೆಗೂ ಕೇಳುತ್ತಿತ್ತು. ಮರುದಿನ ಹೆಲ್ಸ್ ಗೇಟ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು; 1984ರಲ್ಲಿ ಆರಂಭವಾದ, ಸುಮಾರು 68 ಚದರ ಕಿಲೋಮೀಟರಿನ ಆ ಕಾಡುಬಯಲಿನೊಳಗೆ ಸೈಕಲ್ಲಿನಲ್ಲಿಯೇ ಹೋಗಬಹುದು. ಕೆಂಪು ಬಂಡೆಗಳ ಗೋಡೆಗಳ ನಡುವೆ, ಜೀಬ್ರಾಗಳು ತಲೆಯೆತ್ತಿ ನಮ್ಮನ್ನು ನೋಡುತ್ತಿರಲು, ಚೈನಿನ ಸದ್ದಿನ ಹೊರತು ಬೇರೆ ಸದ್ದಿಲ್ಲದೆ ಸಾಗಿದೆವು. ದ್ವಾರದ ಸಮೀಪದ ಒಂಟಿ ಕಲ್ಲಿನ ಕಂಬವನ್ನು, ಮದುವೆಯಾಗಿ ಹೊರಟ ಹುಡುಗಿಯೊಬ್ಬಳು ತವರಿನ ಕಡೆಗೆ ತಿರುಗಿ ನೋಡಿದುದರಿಂದ ಕಲ್ಲಾದಳೆಂದು ಮಸಾಯಿಗಳು ಹೇಳುತ್ತಾರೆ. ಆಚೆಯ ಒಲ್ಕಾರಿಯ ದಿಬ್ಬಗಳಲ್ಲಿ, ಭೂಗರ್ಭದ ಆವಿಯಿಂದ ವಿದ್ಯುತ್ತನ್ನು ತೆಗೆಯುವ ಕೇಂದ್ರದ ಬಿಳಿಯ ಹೊಗೆ ಮೇಲೇಳುತ್ತಿತ್ತು. ಅದು 1981ರಿಂದ ಕೆಲಸ ಮಾಡುತ್ತಿದೆ.

ಹಿಂತಿರುಗಿದುದು ರೈಲಿನಲ್ಲಿ, ಸೈಕಲ್ಲುಗಳನ್ನು ಸಾಮಾನಿನ ಡಬ್ಬಿಗೆ ಹಾಕಿ. ಈ ರೈಲುಮಾರ್ಗಕ್ಕಾಗಿ 1896ರಿಂದ 1901ರವರೆಗೆ ಭಾರತದಿಂದ ಬಂದ ಕೂಲಿಗಳು ಸುಮಾರು 32,000. ಅವರಲ್ಲಿ 2,500ರಷ್ಟು ಜನ ಆ ಕೆಲಸದ ಕಾಲದಲ್ಲಿಯೇ ಸತ್ತರು. ಕತ್ತಲೆಯಲ್ಲಿ ಎಂಜಿನ್ನು ಏದುಸಿರುಬಿಡುತ್ತ ಆ ಮಹಾಭಿತ್ತಿಯನ್ನು ಏರುತ್ತಿರುವಾಗ ಮ್ವಾಲಿಮು ನಿದ್ರಿಸಿದ್ದರು. ನಾನು ಎಚ್ಚರವಾಗಿದ್ದೆ.

ಅನಂತರದ ವರ್ಷಗಳಲ್ಲಿ ಇನ್ನೂ ಐದಾರು ಬಾರಿ ಆ ದಾರಿಯಲ್ಲಿ ಹೋದೆವು. ಸರೋವರದ ದಡದಲ್ಲಿ ಯೂರೋಪಿಗೆ ಗುಲಾಬಿ ಬೆಳೆಯುವ ಪಾಲಿಥೀನ್ ಮನೆಗಳು ವರ್ಷವರ್ಷಕ್ಕೆ ಹೆಚ್ಚಿದುವು. ಲಿಮುರುವಿನ ಅಂಗಳದಲ್ಲಿ ಪ್ರತಿ ಸಲವೂ ಸೋರೆಬುರುಡೆ ತುಂಬಿ ಬರುತ್ತಿತ್ತು.

1991ರ ಜೂನಿನಲ್ಲಿ ನನ್ನ ತಾಯಿ ತೀರಿಕೊಂಡ ಸುದ್ದಿ ತಂತಿಯ ಮೂಲಕ ಬಂದಿತು. ತಂತಿ ಕೈಸೇರುವ ಹೊತ್ತಿಗೆ ಊರಿನಲ್ಲಿ ಎಲ್ಲವೂ ಮುಗಿದಿತ್ತು. ಪಾರ್ಕ್‌ಲ್ಯಾಂಡ್ಸಿನ ಮನೆಗೆ ಅನೇಕರು ಬಂದರು, ಕನ್ನಡದವರು, ಗುಜರಾತಿನವರು, ಕರ್ಮ, ಆಯುಸ್ಸು, ಆತ್ಮದ ಅವಿನಾಶಿತ್ವ, ಹೇಳಬೇಕಾದುದನ್ನೆಲ್ಲ ಪ್ರೀತಿಯಿಂದಲೇ ಹೇಳಿದರು. ಮೂರನೆಯ ದಿನ ಸಂಜೆ ಗೇಟು ಸದ್ದಾಯಿತು. ಮ್ವಾಲಿಮು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದರು. ಲಿಮುರುವಿನಿಂದ ಬಂದಿದ್ದರು, ಪ್ಯಾಂಟಿನ ತುದಿಗೆ ಕೆಂಪು ಮಣ್ಣು ಹತ್ತಿತ್ತು. ಎದುರಿಗೆ ಕುಳಿತು, ನನ್ನ ಕೈಯನ್ನು ಎರಡು ಕೈಗಳಿಂದ ಹಿಡಿದು, “ಪೋಲೆ, ಮ್ವಾಲಿಮು” ಎಂದರು. ಸತ್ತವರ ಮನೆಯಲ್ಲಿಯೂ ಅದೇ ಮಾತೆಂಬುದು ನನಗೆ ತಿಳಿದಿರಲಿಲ್ಲ. ಅಸಾಂತೆ ಎಂದೆ. ಬಹಳ ಹೊತ್ತು ನಾವಿಬ್ಬರೂ ಬೇರೆ ಮಾತಾಡಲಿಲ್ಲ. ಏಳುವ ಮುನ್ನ ಅವರು ಚೀಲದಿಂದ ಒಂದು ತಗಡಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು, ತಾಯಿ ಕಳಿಸಿದ್ದಾರೆಂದರು. ವಿಂಬಿಯ ಹಿಟ್ಟು.

ನನ್ನ ಹೆಂಡತಿ ಆ ರಾತ್ರಿ ಅದನ್ನು ಕಾಸಿದಳು. ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಪಕ್ಕಕ್ಕೆ ಒಂದು ಹಸಿ ಈರುಳ್ಳಿಯಿಟ್ಟು.